ಡಾಕ್ಟರನ್ನು ಕೇಳಿ: ಎಡಿಎಚ್‌ಡಿ ಮಗು, ಮನೆಯವರ ತರಬೇತಿ

ಹಾಸನದ ತಾಯಿ: ನಮಸ್ಕಾರ ಮೇಡಂ. ಮಗನಿಗೆ ಐದು ವರ್ಷ, ಎಡಿಎಚ್‌ಡಿ (ಗಮನ ನಿಲ್ಲದ, ಅತಿಯಾಗಿ ಚಡಪಡಿಸೋ ಸಮಸ್ಯೆ) ಅಂದಿದ್ದಾರೆ. ತಂಗಿಗೆ ಹೊಡೀತಾನೆ. ನಾನು ಬೇಡ ಅಂದಿದ್ದನ್ನ ಅಜ್ಜಿ ಕೊಡ್ತಾರೆ. ಅವರಪ್ಪ ರಾತ್ರಿ ಬಂದು ಬಾರಿಸ್ತಾರೆ. ಮಾತ್ರೆ ಶುರು ಮಾಡಬೇಕಾ?

ಡಾಕ್ಟರ್: ಆರರೊಳಗಿನ ಮಕ್ಕಳಿಗೆ ಮೊದಲ ಚಿಕಿತ್ಸೆ ಮಾತ್ರೆ ಅಲ್ಲ, ಹೆತ್ತವರಿಗೆ ಕೊಡೋ ತರಬೇತಿ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ 2019ರ ಮಾರ್ಗಸೂಚಿಯೂ ಇದನ್ನೇ ಹೇಳುತ್ತೆ. ನಿಮ್ಮ ಸಾಕಣೆಯಿಂದ ಎಡಿಎಚ್‌ಡಿ ಬಂದಿಲ್ಲ. ಆದರೆ ಹಟ, ಹೊಡೆದಾಟ ಏರೋದೂ ಇಳಿಯೋದೂ ಬಹಳ ಮಟ್ಟಿಗೆ ಮನೆಯವರ ನಡವಳಿಕೆ ನೋಡಿಕೊಂಡು.

ನನಗೆ ಚಿಂತೆ ಆ ರಾತ್ರಿ ಏಟಿನದು. ಮಧ್ಯಾಹ್ನದ ತಪ್ಪಿಗೆ ರಾತ್ರಿ ಬಿದ್ದ ಏಟು ಯಾಕೆ ಅಂತ ಈ ಮಗುವಿಗೆ ಹೊಳೆಯಲ್ಲ. ಹೊಡೆಯೋದನ್ನ ಮಾತ್ರ ಕಲಿಯುತ್ತೆ. ಇವತ್ತೇ ನಿಲ್ಲಿಸಿ. ನೀವು, ಅಪ್ಪ, ಅಜ್ಜಿ ಮೂವರೂ ಕೂತು, ಎಲ್ಲರೂ ಒಂದೇ ಥರ ಪಾಲಿಸೋ ಎರಡೇ ನಿಯಮ ಮಾಡ್ಕೊಳ್ಳಿ. ದಿನಾ ಹತ್ತು ನಿಮಿಷ ಅವನು ಹೇಳಿದ ಆಟ, ಬುದ್ಧಿವಾದ ಇಲ್ಲದೆ. ದೂರದಿಂದ ಕೂಗಬೇಡಿ, ಹತ್ತಿರ ಹೋಗಿ ಒಂದು ಸಲಕ್ಕೆ ಒಂದೇ ಮಾತು: "ಚಪ್ಪಲಿ ಹಾಕ್ಕೋ." ಹಾಕ್ಕೊಂಡ ತಕ್ಷಣ "ಹೇಳಿದ ಕೂಡಲೇ ಹಾಕ್ಕೊಂಡೆಯಲ್ಲ!" ಅನ್ನಿ. ಬರೀ "ಜಾಣ" ಸಾಲದು. ಚೀರಾಟಕ್ಕೆ ಗಮನ ಕೊಡದಿದ್ದರೆ ಮೊದಮೊದಲು ಜಾಸ್ತಿಯಾಗುತ್ತೆ. ಆಗ ಅಜ್ಜಿ ಮೊಬೈಲ್ ಕೊಟ್ಟರೆ, ಇಷ್ಟು ಜೋರಾಗಿ ಚೀರಿದ್ರೆ ಸಿಗುತ್ತೆ ಅಂತ ಲೆಕ್ಕ ಕಲೀತಾನೆ. ತಂಗಿಗೆ ಹೊಡೆದಾಗ ಮಾತ್ರ ಸುಮ್ಮನಿರಬೇಡಿ, ಕೂಡಲೇ ಇಬ್ಬರನ್ನೂ ಬೇರೆ ಮಾಡಿ. ಮುಂದಿನ ಸಲ ಡಾಕ್ಟರ ಹತ್ತಿರ ಅಜ್ಜಿಯನ್ನೂ ಅಪ್ಪನನ್ನೂ ಕರ್ಕೊಂಡೇ ಹೋಗಿ.

ಕಲಬುರಗಿ ಸದಸ್ಯ: ಮೇಡಂ, ನಮ್ಮ ಕಡಿ ಈ ತರಬೇತಿ ಎಲ್ಲಿ ಸಿಗ್ತದರಿ?

ದಾವಣಗೆರೆ ಸದಸ್ಯ: ಸಕ್ಕರೆ ಬಿಡಿಸಿ ಬ್ರಾಹ್ಮಿ ತುಪ್ಪ ಕೊಟ್ಟರೆ 21 ದಿನದಲ್ಲಿ ವಾಸಿಯಂತೆ. ಫಾರ್ವರ್ಡ್ ಬಂದಿದೆ, ಹಾಕಿದ್ದೀನಿ.

ಡಾಕ್ಟರ್: ತೆಗೀರಿ. ಸಕ್ಕರೆಯಿಂದ ಮಕ್ಕಳ ಚಡಪಡಿಕೆ ಹೆಚ್ಚುತ್ತೆ ಅನ್ನೋದು ಪರೀಕ್ಷೆ ಮಾಡಿ ನೋಡಿದಾಗ ನಿಂತಿಲ್ಲ. 21 ದಿನದಲ್ಲಿ ಎಡಿಎಚ್‌ಡಿ ವಾಸಿ ಮಾಡೋದು ಯಾವುದೂ ಇಲ್ಲ. ಇಂಥದ್ದನ್ನ ನಂಬಿ ಬರೆದುಕೊಟ್ಟ ಮಾತ್ರೆಯನ್ನ ಯಾರೂ ನಿಲ್ಲಿಸಬೇಡಿ.

ಮೈಸೂರಿನ ತಂದೆ: ಮಗಳಿಗೆ 9. ಮಾತ್ರೆ ಬೇಕಾ?

ಡಾಕ್ಟರ್: ಆರು ದಾಟಿದ ಮೇಲೆ ಎಷ್ಟೋ ಮಕ್ಕಳಿಗೆ ಮಾತ್ರೆ, ತರಬೇತಿ ಎರಡೂ ಬೇಕು. ಮಗುವನ್ನ ನೋಡದೆ ಹೇಳಲ್ಲ.

ಬೆಳಗಾವಿ ಸದಸ್ಯ: ನಾವೆಲ್ಲಾ ಹೊಡತಾ ತಿಂದ ಬೆಳದೇವ್ರೀ. ಏನಾಗೇತಿ?

ಹಾಸನದ ತಾಯಿ: ನನ್ನ ಮಗ ನಿದ್ದೇಲೂ ಬೆಚ್ಚಿಬೀಳ್ತಾನೆ ಸಾರ್. ಅದಾಗಿದೆ.

ಬೆಳಗಾವಿ ಸದಸ್ಯ: ಸಲಿಗಿ ಕೊಟ್ರ ಹಿಂಗ ಆಗೂದು.

ಮೈಸೂರಿನ ತಂದೆ: ರೀ, ಅವರ ಮನೆ ಕಷ್ಟ ನಿಮಗೇನು ಗೊತ್ತು? ಸುಮ್ನಿರಿ.

ತುಮಕೂರಿನ ತಾಯಿ: ಐದು ವರ್ಷಕ್ಕೆ ಮಾತ್ರೆ ಕೊಡಬಹುದಾ ಮೇಡಂ?

ಡಾಕ್ಟರ್: ಮೇಲೆ ಬರೆದಿದ್ದೀನಿ. ಓದಿ.

ಕಲಬುರಗಿ ಸದಸ್ಯ: ಮೇಡಂ, ನಮ್ಮ ಕಡಿ ಎಲ್ಲಿ ಸಿಗ್ತದ ಹೇಳ್ರಿ?

ದಾವಣಗೆರೆ ಸದಸ್ಯ: ತುಪ್ಪದಿಂದ ತೊಂದರೆ ಏನಿದೆ? ಡಾಕ್ಟರುಗಳಿಗೆ ಮಾತ್ರೆ ಬಿಟ್ಟರೆ ಬೇರೆ ಗೊತ್ತಿಲ್ಲ.

ಡಾಕ್ಟರ್: ಇಷ್ಟುದ್ದ ಬರೆದಿದ್ದು ಈ ವಯಸ್ಸಿಗೆ ಮೊದಲು ಮಾತ್ರೆ ಅಲ್ಲ, ತರಬೇತಿ ಅಂತಲೇ. ಆ ಫಾರ್ವರ್ಡ್ ಇನ್ನೂ ಅಲ್ಲೇ ಇದೆ. ಅಡ್ಮಿನ್, ದಯವಿಟ್ಟು ತೆಗೆಯಿರಿ.