ಉಬ್ಬರದ ಹೊತ್ತು ದಿನವೂ ಏಕೆ ತಡವಾಗುತ್ತದೆ?

ಪ್ರಶ್ನೆ (ವರ್ಲಿ, ಮುಂಬಯಿ): ಹಾಜಿ ಅಲಿ ದರ್ಗಾಕ್ಕೆ ಹೋಗುವ ಹಾದಿ ನಿನ್ನೆ ಮಧ್ಯಾಹ್ನ 12 ಗಂಟೆಗೆ ಮುಳುಗಿತು. ಇಂದು ಅದೇ ಹೊತ್ತಿಗೆ ಮಗಳೊಂದಿಗೆ ಹೋದಾಗ ಅಂಚಿನ ಕಲ್ಲುಗಳು ಇನ್ನೂ ಒಣಗಿದ್ದವು. ಮುಕ್ಕಾಲು ಗಂಟೆಯ ಮೇಲೆ ನೀರು ಹಾದಿಯನ್ನು ದಾಟಿತು. ಮಗಳು ಕಾರಣ ಕೇಳುತ್ತಿದ್ದಾಳೆ, ತಿಳಿದವರು ದಯವಿಟ್ಟು ವಿವರಿಸಿ.

ಉತ್ತರ (ಪುಣೆ): ಭೂಮಿ ತನ್ನ ಸುತ್ತ ಒಮ್ಮೆ ತಿರುಗುವಷ್ಟರಲ್ಲಿ ಚಂದ್ರ ತನ್ನ ಕಕ್ಷೆಯಲ್ಲಿ ತುಸು ಮುಂದೆ ಸರಿದಿರುವುದರಿಂದ, ನೀವು ನಿಂತ ಜಾಗ ಮತ್ತೆ ಅವನಿಗೆ ಎದುರಾಗಲು ಸರಾಸರಿ 24 ಗಂಟೆ 50 ನಿಮಿಷ ಬೇಕು. ಉಬ್ಬರವೂ ಅಷ್ಟೇ ತಡವಾಗುತ್ತದೆ. ಚಂದ್ರನ ಸೆಳೆತ ಭೂಮಿಯ ಹತ್ತಿರದ ಬದಿಯಲ್ಲಿ ಹೆಚ್ಚು, ದೂರದ ಬದಿಯಲ್ಲಿ ಕಡಿಮೆ. ಈ ವ್ಯತ್ಯಾಸದಿಂದ ಎರಡೂ ಬದಿಯಲ್ಲಿ ನೀರು ಉಬ್ಬುವುದರಿಂದಲೇ ನಿಮಗೆ ದಿನಕ್ಕೆ ಎರಡು ಉಬ್ಬರ ಕಾಣುತ್ತದೆ. ಮಗುವಿಗೆ ಚೆಂಡು ಮತ್ತು ದೀಪ ಇಟ್ಟು ತೋರಿಸಿ, ಬೇಗ ಅರ್ಥವಾಗುತ್ತದೆ.

ಉತ್ತರ (ಮಡಗಾಂವ್): ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಸೂರ್ಯನ ಸೆಳೆತವೂ ಜೊತೆಗೂಡಿ ಉಬ್ಬರ ಇನ್ನೂ ಎತ್ತರಕ್ಕೇರುತ್ತದೆ. ಗೋವೆಯಲ್ಲಿ ನಾವು ಕಾಣುವ ಏರಿಳಿತ ಮುಂಬಯಿಯದಕ್ಕಿಂತ ಕಡಿಮೆ. ಉತ್ತರಕ್ಕೆ ಹೋದಂತೆ ಅದು ಹೆಚ್ಚುತ್ತ, ಆಲಿಕೆಯಂತೆ ಕಿರಿದಾಗುವ ಖಂಭಾತ್ ಕೊಲ್ಲಿಯಲ್ಲಿ ಬಹಳ ದೊಡ್ಡದಾಗುತ್ತದೆ.

ಪ್ರಶ್ನೆ ಕೇಳಿದವರು: ಇಬ್ಬರಿಗೂ ಧನ್ಯವಾದಗಳು. ನಾಳೆ ಒಂದೂವರೆಯ ಸುಮಾರಿಗೆ ನೀರು ಬರಬೇಕೆಂದು ಮಗಳು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾಳೆ. ಗಡಿಯಾರ ಹಿಡಿದು ಹೋಗುತ್ತೇವೆ.