ಟ್ರಾಯ್ ಮತ್ತು ಮೊಬೈಲ್ ಕಂಪನಿಗಳ ನಡುವೆ ಟವೆಲ್ ಕೆಳಗಿನ ವ್ಯಾಪಾರ ಇದೆಯಾ?

ತಿಪಟೂರು ರೀಚಾರ್ಜ್:
ನಮಸ್ಕಾರ. ತಿಪಟೂರು ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಚಿಕ್ಕ ಅಂಗಡಿ. ರೀಚಾರ್ಜ್, ಜೆರಾಕ್ಸ್, ಬ್ಯಾಕ್ ಕವರ್. 2024ರ ಜುಲೈ ಮೊದಲ ವಾರ ನಾನು ಮರೆಯೋದಿಲ್ಲ. 3ನೇ ತಾರೀಕು ಜಿಯೋ, ಏರ್‌ಟೆಲ್ ಎರಡೂ ದರ ಏರಿಸಿದವು. ಮಾರನೇ ದಿನ ವಿಐ. ಏರ್‌ಟೆಲ್‌ನ 179 ರೂಪಾಯಿ ಪ್ಯಾಕ್ 199 ಆಯಿತು. ವಿಐನ 179 ಕೂಡ 199 ಆಯಿತು. ಗೋಡೆ ಮೇಲಿನ ದರಪಟ್ಟಿಯನ್ನು ಮಾರ್ಕರ್‌ನಲ್ಲಿ ನಾನೇ ತಿದ್ದಿದೆ. ಎರಡು ಸಾಲಿಗೂ ಒಂದೇ ಅಂಕಿ ಬರೆಯುವಾಗ ನನಗೇ ಒಂಥರಾ ಆಯಿತು.

ಬೈಗುಳ ತಿನ್ನೋದು ಮಾತ್ರ ಅಂಗಡಿಯವನು. ಕೊಬ್ಬರಿ ಹರಾಜಿಗೆ ಬರುವ ಒಬ್ಬ ಅಜ್ಜ ಇದ್ದಾರೆ, ಕೀಪ್ಯಾಡ್ ಫೋನು. ಅವರು ಹೇಳಿದ್ದು ಇಷ್ಟು: "ದನದ ಜಾತ್ರೇಲಿ ಟವೆಲ್ ಕೆಳಗೆ ಬೆರಳು ಹಿಡಿದು ರೇಟ್ ಮಾತಾಡ್ತಾರಲ್ಲ ಮಗಾ, ಇದೂ ಅದೇ. ಕಂಪ್ನಿಯೋರೂ ಸರ್ಕಾರದೋರೂ ಬೆರಳು ಹಿಡಿದವ್ರೆ. ನಮಗೆ ಟವೆಲ್ ಮಾತ್ರ ಕಾಣ್ತದೆ."

ನಾನು ಇಲ್ಲ ಅನ್ನಲೂ ಇಲ್ಲ, ಹೌದು ಅನ್ನಲೂ ಇಲ್ಲ. ಗೊತ್ತಿದ್ದರೆ ತಾನೇ ಹೇಳೋದು? ದರ ಏರಿಸೋ ಮೊದಲು ಟ್ರಾಯ್, ಅಂದರೆ ಫೋನ್ ಕಂಪನಿಗಳ ಮೇಲೆ ನಿಗಾ ಇಡೋ ಸರ್ಕಾರಿ ಪ್ರಾಧಿಕಾರ, ಒಪ್ಪಿಗೆ ಕೊಡುತ್ತಾ? ಆ ಮಾತುಕತೆ ಎಲ್ಲಾದರೂ ದಾಖಲಾಗುತ್ತಾ?

ಸುಮ್ನೆ ಓದೋನು:
ಬೇಲಿಯೇ ಎದ್ದು ಹೊಲ ಮೇಯ್ದ ಕಥೆ. ಇದರಲ್ಲಿ ಕೇಳೋಕೆ ಏನಿದೆ ಅಣ್ಣ.

ತಿಪಟೂರು ರೀಚಾರ್ಜ್:
ಗಾದೆ ನನಗೂ ಬರುತ್ತೆ ಸಾರ್. ಮೇಯ್ದಿದ್ದು ಹೌದಾ ಅಂತ ಕೇಳ್ತಿದ್ದೀನಿ.

ಕರಿ ಕೋಟು:
ಒಪ್ಪಿಗೆಯ ಮಾತೇ ಇಲ್ಲ. ನಿಮ್ಮ ಅಜ್ಜನಿಗೆ ಇದು ಇನ್ನೂ ಜಾಸ್ತಿ ಸಿಟ್ಟು ತರಿಸಬಹುದು. ಮೊಬೈಲ್ ದರವನ್ನು ಟ್ರಾಯ್ ಕಂಪನಿಗಳಿಗೇ ಬಿಟ್ಟುಬಿಟ್ಟಿದೆ. ಕಂಪನಿ ದರ ಇಟ್ಟು, ಆಮೇಲೆ 7 ಕೆಲಸದ ದಿನಗಳಲ್ಲಿ ತಿಳಿಸಿದರೆ ಸಾಕು. 2024ರ ಜುಲೈನಲ್ಲಿ ಕೇಂದ್ರ ಸರ್ಕಾರವೂ ಅದನ್ನೇ ಹೇಳಿತು: ದರ ನಿರ್ಧರಿಸೋದು ಮಾರುಕಟ್ಟೆ.

ಟ್ರಾಯ್ ಹೊಸ ನಿಯಮ ಮಾಡುವಾಗ ಮಾತ್ರ ಬೇರೆ ದಾರಿ. ಮೊದಲು ಸಮಾಲೋಚನಾ ಪತ್ರ ಹಾಕುತ್ತದೆ. ಯಾರು ಬೇಕಾದರೂ ಬರೆಯಬಹುದು. ಬರೆದದ್ದೆಲ್ಲ ವೆಬ್‌ಸೈಟ್‌ನಲ್ಲಿ ಬರುತ್ತದೆ. 2015ರಲ್ಲಿ ಇಂಟರ್‌ನೆಟ್ ಸಮಾನತೆ (ಎಲ್ಲ ವೆಬ್‌ಸೈಟ್, ಆ್ಯಪ್‌ಗಳನ್ನೂ ಕಂಪನಿಗಳು ಒಂದೇ ರೀತಿ ನೋಡಬೇಕು ಅನ್ನೋದು) ವಿಷಯಕ್ಕೆ 10 ಲಕ್ಷಕ್ಕೂ ಮೀರಿ ಇಮೇಲ್ ಹೋಗಿದ್ದವು. ಕಳಿಸಿದವರ ಇಮೇಲ್ ವಿಳಾಸದ ಸಮೇತ ಎಲ್ಲವನ್ನೂ ಪ್ರಕಟಿಸಿ ಬೈಸಿಕೊಂಡಿತ್ತು ಟ್ರಾಯ್. ಪಾರದರ್ಶಕತೆ ಅತಿಯಾದ ಏಕೈಕ ಸಂದರ್ಭ ಅದೇ ಇರಬೇಕು!

ಕಾಲ್ ಡ್ರಾಪ್‌ಗೆ 1 ರೂಪಾಯಿ ಪರಿಹಾರ, ದಿನಕ್ಕೆ 3 ರೂಪಾಯಿವರೆಗೆ ಅನ್ನೋ ನಿಯಮ ನೆನಪಿದೆಯಾ? ಅದನ್ನು 2016ರ ಮೇ 11ರಂದು ಸುಪ್ರೀಂ ಕೋರ್ಟ್ ಹೊಡೆದುಹಾಕಿತು. ನಿಯಮ ಮಾಡುವವರು ಜನರ ಮಾತು ಕೇಳಲೇಬೇಕು ಅನ್ನೋದಕ್ಕೆ ಅಮೆರಿಕದಂಥ ಒಂದು ಕಾನೂನು ತರುವುದನ್ನು ಸಂಸತ್ತು ಯೋಚಿಸಲಿ ಅಂತಲೂ ಅದೇ ತೀರ್ಪಿನಲ್ಲಿ ಹೇಳಿತ್ತು.

ಕುವೆಂಪುನಗರ ರಿಟೈರ್ಡ್:
ಅಮೆರಿಕದ ಮಾತು ಬಂತಲ್ಲ, ಅದಕ್ಕೇ ಬಾಯಿ ಹಾಕ್ತಿದ್ದೀನಿ. ನ್ಯೂಜೆರ್ಸಿಯಲ್ಲಿ 22 ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನ ಸಾಫ್ಟ್‌ವೇರ್ ಬರೆದು ಮೈಸೂರಿಗೆ ವಾಪಸ್ ಬಂದವನು ನಾನು. ಅಲ್ಲಿನ ಹಳಬರು ಕ್ಯಾಂಟೀನಿನಲ್ಲಿ ಹೇಳ್ತಿದ್ದ ಕಥೆಗಳೆಲ್ಲ ಎಟಿ ಅಂಡ್ ಟಿ ಅನ್ನೋ ದೊಡ್ಡ ಫೋನ್ ಕಂಪನಿಯ ಕಾಲದವು. ಆಮೇಲೆ ಪುಸ್ತಕ ಹಿಡಿದು ನೋಡಿದರೆ ಬಹುಪಾಲು ನಿಜ.

ಅಲ್ಲಿನ ಟ್ರಾಯ್ ಅಂದರೆ ಎಫ್‌ಸಿಸಿ, 1934ರದ್ದು. ದೇಶದ ದೂರದ ಕರೆಗಳೆಲ್ಲ ಬಹುತೇಕ ಎಟಿ ಅಂಡ್ ಟಿ ಒಂದೇ ಕಂಪನಿಯ ಕೈಲಿ. ಅದರ ದರ ಸರಿಯೋ ತಪ್ಪೋ ಅಂತ ವಿಚಾರಣೆ ನಡೆಯಬೇಕು ಅಲ್ವಾ? 1965ರವರೆಗೆ ಪೂರ್ಣ ಪ್ರಮಾಣದ ವಿಚಾರಣೆಯೇ ನಡೆಯಲಿಲ್ಲ. ಅಧಿಕಾರಿಗಳು, ಕಂಪನಿಯವರು ಕೂತು ಮಾತಾಡಿ ತೀರ್ಮಾನ ಮಾಡಿಕೊಳ್ಳುತ್ತಿದ್ದರು. ಅದಕ್ಕೆ ಇಟ್ಟ ಹೆಸರು "ನಿರಂತರ ನಿಗಾ"! ಅಷ್ಟೂ ವರ್ಷ ಟವೆಲ್ ಹಾಸಿಯೇ ಇತ್ತು ಅನ್ನಿ.

ಇನ್ನೊಂದು ಕೇಳಿ. 1949ರಲ್ಲಿ ಸರ್ಕಾರ ಈ ಕಂಪನಿ ಮೇಲೆ ಏಕಸ್ವಾಮ್ಯದ ಕೇಸ್ ಹಾಕಿತ್ತು. ಫೋನ್ ಉಪಕರಣ ಮಾಡುವ ವೆಸ್ಟರ್ನ್ ಎಲೆಕ್ಟ್ರಿಕ್ ಅನ್ನು ಬೇರೆ ಮಾಡಬೇಕು ಅಂತ. 1953ರಲ್ಲಿ ಅಟಾರ್ನಿ ಜನರಲ್ ಹರ್ಬರ್ಟ್ ಬ್ರೌನೆಲ್ ಮತ್ತು ಕಂಪನಿಯ ವಕೀಲರು ವೆಸ್ಟ್ ವರ್ಜೀನಿಯಾದ ಒಂದು ರೆಸಾರ್ಟಿನಲ್ಲಿ ಖಾಸಗಿಯಾಗಿ ಮಾತಾಡಿದರು. ಕೇಸ್ ಹಾಕಿದ ಇಲಾಖೆಯ ಮುಖ್ಯಸ್ಥರೇ, ಕೇಸ್ ಮುಗಿಸೋ ದಾರಿ ಹುಡುಕೋಣ ಅನ್ನೋ ಧಾಟಿಯಲ್ಲಿ ಮಾತಾಡಿದ್ದರು. 1956ರಲ್ಲಿ ರಾಜಿ ಆಯಿತು. ಕಂಪನಿ ತನ್ನ ಪೇಟೆಂಟುಗಳನ್ನು ಬೇರೆಯವರಿಗೆ ಬಿಟ್ಟುಕೊಡಬೇಕಾಯಿತು, ನಿಜ. ಆದರೆ ವೆಸ್ಟರ್ನ್ ಎಲೆಕ್ಟ್ರಿಕ್ ಅಲ್ಲಾಡಲಿಲ್ಲ. ರೆಸಾರ್ಟಿನ ಮಾತು ಬಯಲಾದದ್ದು ಆಮೇಲೆ, ಸಂಸತ್ತಿನ ಉಪಸಮಿತಿ ಕೆದಕಿದಾಗ. ಹೇಗೆ ಗೊತ್ತಾ? ಕಂಪನಿಯ ವಕೀಲರೇ ನೆನಪಿಗಿರಲಿ ಅಂತ ಟಿಪ್ಪಣಿ ಬರೆದಿಟ್ಟಿದ್ದರು. ಸರ್ಕಾರದ ಕಡೆಯವರ ಪುಸ್ತಕದಿಂದಲ್ಲ, ಕಂಪನಿಯ ಫೈಲಿನಿಂದ!

ಆ ಕಂಪನಿ ಕೊನೆಗೆ ಒಡೆದದ್ದು 1984ರ ಜನವರಿ 1ಕ್ಕೆ.

ಈಗ ಅಲ್ಲಿ ಒಂದು ನಿಯಮ ಇದೆ. ಬಾಕಿ ಇರುವ ಬಹುಪಾಲು ವಿಷಯಗಳ ಬಗ್ಗೆ ಕಂಪನಿಯವರು ಎಫ್‌ಸಿಸಿ ಜೊತೆ ಮಾತಾಡಿದರೆ, ಎರಡು ಕೆಲಸದ ದಿನದೊಳಗೆ ಯಾರು ಬಂದಿದ್ದರು, ಏನು ವಾದ ಮಾಡಿದರು ಅಂತ ಬರೆದು ಕಡತಕ್ಕೆ ಹಾಕಬೇಕು. ನಾನೇ ಕೂತು ಓದಿದ್ದೀನಿ. ಮಹಾ ಬೋರು. ಇಂಥ ಮಹಡಿ, ಇಂಥ ಅಧಿಕಾರಿ, ಇಂಥ ವಕೀಲರು. ಆದರೆ ಬೋರು ಹೊಡೆಸೋ ಆ ಒಂದು ಪುಟ ಇದ್ದರೆ ಅಜ್ಜನಿಗೆ ತೋರಿಸಬಹುದಿತ್ತು.

ಸುಮ್ನೆ ಓದೋನು:
ನಿಜವಾದ ಮಾತು ಬರೆದಿರೋದಿಲ್ಲ ಬಿಡಿ, ಗಾಲ್ಫ್ ಆಡುವಾಗ ಆಗಿರುತ್ತೆ.

ಕುವೆಂಪುನಗರ ರಿಟೈರ್ಡ್:
ಇರಬಹುದು ಸ್ವಾಮಿ. ಆದರೆ ಬರೆಯದೆ ಸಿಕ್ಕಿಬಿದ್ದರೆ ಅದೇ ಒಂದು ತಪ್ಪು. ಲಂಚ ಕೊಟ್ಟದ್ದನ್ನು ಸಾಬೀತು ಮಾಡೋ ಕಷ್ಟ ಬೇಕಿಲ್ಲ.

ತಿಪಟೂರು ರೀಚಾರ್ಜ್:
ಎಲ್ಲರಿಗೂ ಥ್ಯಾಂಕ್ಸ್. ನನ್ನದೂ ಒಂದು ಸೇರಿಸ್ತೀನಿ. ಡೇಟಾ ಬೇಡದವರಿಗೆ ಬರೀ ಕಾಲ್, ಎಸ್ಸೆಮ್ಮೆಸ್ ಪ್ಯಾಕ್ ಕೊಡಲೇಬೇಕು ಅಂತ ಟ್ರಾಯ್ 2024ರ ಡಿಸೆಂಬರ್‌ನಲ್ಲಿ ಹೇಳಿತು. ಕರಿ ಕೋಟು ಹೇಳಿದ ಹಾಗೆ ಪತ್ರ ಹಾಕಿ, ಅಭಿಪ್ರಾಯ ಕೇಳಿ. ಒಳ್ಳೇ ಕೆಲಸ. ಜನವರಿಯಲ್ಲಿ ಏರ್‌ಟೆಲ್ 84 ದಿನಕ್ಕೆ 499 ಅಂತ ಇಟ್ಟಿತು. ದರ ಪರಿಶೀಲಿಸ್ತೀವಿ ಅಂತ ಟ್ರಾಯ್ ಅಂದಿತು. ಕೆಲವೇ ದಿನಕ್ಕೆ 469 ಆಯಿತು.

ನಾನು ಖುಷಿಯಿಂದ ಅಜ್ಜನಿಗೆ ಹೇಳಿದೆ, ನೋಡಿ 30 ರೂಪಾಯಿ ಇಳೀತು ಅಂತ. ಅವರು ನೋಟು ಎಣಿಸುತ್ತಲೇ ಕೇಳಿದರು: "ಯಾರು ಯಾರಿಗೆ ಏನಂದ್ರಂತೆ?"