ಇಥಿಯೋಪಿಯಾದ ಹಳ್ಳಿ ಬಾವಿಗೆ ಫಿನ್ಲೆಂಡ್ ನೆರವು: ದುಡ್ಡು ಊರಿನ ಸಮಿತಿಯ ಕೈಗೇ ಬರುತ್ತದಾ?

ಕೊಡಪಾನ:
ಇಥಿಯೋಪಿಯಾದ ಅಮ್ಹಾರಾ ಪ್ರಾಂತ್ಯದಲ್ಲಿ ಫಿನ್ಲೆಂಡ್ ನೆರವಿನ ನೀರಿನ ಕೆಲಸಗಳನ್ನು ಗುತ್ತಿಗೆದಾರರಿಗೆ ಕೊಡದೆ ಊರಿನವರೇ ಮಾಡಿಸುತ್ತಾರೆ ಎಂದು ಓದಿದೆ. ಹಣ ಯಾವ ದಾರಿಯಲ್ಲಿ ಬರುತ್ತದೆ, ಪಂಪು ಕೆಟ್ಟರೆ ಯಾರ ಹೊಣೆ? ತಿಳಿದವರು ಬಿಡಿಸಿ ಹೇಳಿ.

ನೀರಗಂಟಿ:
ಹೌದು, ಸಮಿತಿಗೇ ಬರುತ್ತದೆ. ಅಮ್ಹಾರಾದಲ್ಲಿ ಫಿನ್ಲೆಂಡಿನ ಗ್ರಾಮೀಣ ನೀರಿನ ಕಾರ್ಯಕ್ರಮ ಶುರುವಾದದ್ದು 1994ರಲ್ಲಿ. ಮೊದಲು ಕೆಲಸವನ್ನೆಲ್ಲ ಯೋಜನೆಯವರೇ ಮಾಡಿಸುತ್ತಿದ್ದರು. 2003ರ ಹೊತ್ತಿಗೆ ಹಣವನ್ನು ಊರಿಗೇ ಕೊಡುವ ಪದ್ಧತಿ ಬಂತು. 2011ರಲ್ಲಿ ಬಂದ 'ಕೋವಾಶ್' (ಊರಿನವರ ಮೂಲಕವೇ ನೀರು, ನೈರ್ಮಲ್ಯದ ಕೆಲಸ ಮಾಡಿಸುವ ಎರಡು ದೇಶಗಳ ಜಂಟಿ ಯೋಜನೆ) ಅದನ್ನು ಬೇರೆ ಪ್ರಾಂತ್ಯಗಳಿಗೂ ಒಯ್ದಿತು.

ಅಲ್ಲಿನ ವೊರೆಡಾ ಎಂದರೆ ಹೆಚ್ಚುಕಡಿಮೆ ನಮ್ಮ ತಾಲ್ಲೂಕು. ಊರಿನವರು ನೀರಿನ ಸಮಿತಿ ಆರಿಸಿಕೊಂಡು ವೊರೆಡಾಕ್ಕೆ ಅರ್ಜಿ ಹಾಕುತ್ತಾರೆ. ಅಲ್ಲಿಂದ ಬಂದವರು ಜಾಗ ನೋಡಿ, ಅಂದಾಜು ಪಟ್ಟಿ ಮಾಡಿ, ಮಂಜೂರು ಮಾಡಿ ಒಪ್ಪಂದಕ್ಕೆ ಸಹಿ ಹಾಕಿಸುತ್ತಾರೆ. ಹಣ ಸಮಿತಿಯ ಖಾತೆಗೆ ಕಂತಿನಲ್ಲಿ ಬರುತ್ತದೆ. ಹಿಂದಿನ ಕಂತಿನ ಲೆಕ್ಕ ಕೊಡದೆ ಮುಂದಿನದು ಸಿಗುವುದಿಲ್ಲ. ಸಿಮೆಂಟು ಕೊಳ್ಳುವುದು, ಗಾರೆ ಕೆಲಸದವರನ್ನು ಗೊತ್ತು ಮಾಡುವುದು ಸಮಿತಿಯೇ. ಕಲ್ಲು, ಮರಳು, ಕೂಲಿ ಊರಿನದು. ಕೆಲಸಕ್ಕೆ ಕೈ ಹಾಕುವ ಮೊದಲೇ ಮುಂದಿನ ರಿಪೇರಿಗೆಂದು ಊರಿನವರು ಖಾತೆಗೆ ಹಣ ಕಟ್ಟಿರಬೇಕು. ನನ್ನ ಮಟ್ಟಿಗೆ ಇಡೀ ಪದ್ಧತಿಯ ಜೀವ ಇರುವುದು ಇಲ್ಲೇ.

ಕೋವಾಶ್ ಬಂದ ಮೇಲೆ ಕಟ್ಟುವ ಖರ್ಚು ಮುಖ್ಯವಾಗಿ ಇಥಿಯೋಪಿಯಾ ಸರ್ಕಾರದ್ದು, ತರಬೇತಿ ಮತ್ತು ಸಲಹೆಗಾರರ ಖರ್ಚು ಫಿನ್ಲೆಂಡಿನದು. ಇದನ್ನು ಗಮನಿಸದವರು 'ಫಿನ್ಲೆಂಡ್ ಇಷ್ಟು ಬಾವಿ ತೋಡಿಸಿತು' ಎಂದು ತಪ್ಪಾಗಿ ಬರೆಯುತ್ತಾರೆ.

ಎಡವುವುದು ಕ್ಯಾಲೆಂಡರಿನಲ್ಲಿ. ಅಲ್ಲಿನ ಆರ್ಥಿಕ ವರ್ಷ ಜುಲೈ 8ಕ್ಕೆ ಶುರು, ದೊಡ್ಡ ಮಳೆ ಜೂನ್‌ನಿಂದ ಸೆಪ್ಟೆಂಬರ್. ಬಾವಿ ತೋಡಬೇಕಾದದ್ದು ಬೇಸಿಗೆಯ ಕೊನೆಗೆ, ನೀರು ತೀರಾ ಕೆಳಗೆ ಇಳಿದಾಗ. ಹಣ ತಡವಾದರೆ ಕೆಲಸ ಮಳೆಗಾಲಕ್ಕೆ ಜಾರುತ್ತದೆ. ಆಗ ಎಂಟೇ ಮೀಟರಿಗೆ ನೀರು ಕಂಡು ತೋಡುವುದನ್ನು ನಿಲ್ಲಿಸುತ್ತಾರೆ. ಮುಂದಿನ ಏಪ್ರಿಲ್‌ನಲ್ಲಿ ಆ ಬಾವಿ ಬತ್ತುತ್ತದೆ.

ರಾಟೆಹಗ್ಗ:
ಪಂಪಿನ ಬಗ್ಗೆ ನಾನು ಹೇಳುತ್ತೇನೆ. ಅಲ್ಲಿ ಹೆಚ್ಚಾಗಿ ಹಾಕುವುದು ಅಫ್ರಿದೇವ್ ಕೈಪಂಪು, ಸುಮಾರು 45 ಮೀಟರ್ ಆಳದವರೆಗೆ ಸಾಕು. ಪೈಪು 63 ಮಿ.ಮೀ. ಪಿವಿಸಿ. ಪಿಸ್ಟನ್ನೂ, ನೀರು ವಾಪಸ್ ಇಳಿಯದಂತೆ ತಡೆಯುವ ಕೆಳಗಿನ ಫುಟ್ ವಾಲ್ವೂ ಪೈಪಿನ ಒಳಗಿಂದಲೇ ಮೇಲೆ ಬರುತ್ತವೆ. ಪೈಪು ಎತ್ತಬೇಕಿಲ್ಲ, ತರಬೇತಿ ಪಡೆದ ಇಬ್ಬರು ಮೂವರಿಗೆ ಸಾಧ್ಯವಾಗುವ ಕೆಲಸ.

ರೋಗ ಹೀಗೆ ಗುರುತಿಸಿ. ಬೆಳಿಗ್ಗೆ ಹತ್ತಾರು ಸಲ ಒತ್ತಿದ ಮೇಲೇ ನೀರು ಬರುತ್ತಿದ್ದರೆ ಫುಟ್ ವಾಲ್ವಿನ ರಬ್ಬರ್ ಬಾಬಿನ್ ಅಥವಾ ಓ-ರಿಂಗ್ ಸೋರುತ್ತಿದೆ, ರಾತ್ರಿಯೆಲ್ಲ ಪೈಪಿನ ನೀರು ಕೆಳಗಿಳಿದಿರುತ್ತದೆ. ಬೇಗ ಬಂದರೂ ಧಾರೆ ಸಣ್ಣಗಿದ್ದರೆ ಪಿಸ್ಟನ್ನಿನ ಸುತ್ತ ಇರುವ ರಬ್ಬರ್ ಬಿಗಿಪಟ್ಟಿ, ಅಂದರೆ ಯು-ಸೀಲ್, ಸವೆದಿದೆ. ಹಿಡಿ ಆಚೀಚೆ ಅಲ್ಲಾಡಿದರೆ ಅದು ತಿರುಗುವ ಕೀಲಿನ ಪ್ಲಾಸ್ಟಿಕ್ ಬುಷ್‌ಗಳು ಹೋಗಿವೆ. ಬುಷ್ ಹಾಗೇ ಬಿಟ್ಟರೆ ಕಬ್ಬಿಣ ಕಬ್ಬಿಣವನ್ನೇ ತಿನ್ನುತ್ತದೆ. ಆಮೇಲೆ ಬುಷ್ ಬದಲಿಸಿದರೂ ಕೂರುವುದಿಲ್ಲ, ದುಬಾರಿ ಭಾಗವನ್ನೇ ಹೊಸದು ತರಬೇಕು.

ಬೆರಳ ತುದಿಯಲ್ಲಿ ಹಿಡಿಯುವ ಒಂದು ಸೀಲು ಹತ್ತಿರದ ಅಂಗಡಿಯಲ್ಲಿ ಸಿಗದೆ ಇಡೀ ಊರು ಮತ್ತೆ ಹೊಳೆ ನೀರಿಗೆ ಹೋಗುವುದುಂಟು. ಫಿನ್ಲೆಂಡಿಗೆ ಈ ಪಾಠ ಹಳೆಯದು: 1972ರಿಂದ 1993ರವರೆಗೆ ತಾಂಜಾನಿಯಾದ ಮ್ಟ್ವಾರಾ ಮತ್ತು ಲಿಂಡಿಯಲ್ಲಿ ನೀರಿನ ಯೋಜನೆ ನಡೆಸಿದರು, ತಮ್ಮ ದೇಶದ ನೀರಾ ಪಂಪುಗಳನ್ನು ಹಾಕಿದರು. ಹಳ್ಳಿಯಲ್ಲಿ ನೀರು ಪುಕ್ಕಟೆ ಎಂಬುದು ಆಗ ಅಲ್ಲಿನ ನೀತಿ. ಊರಿನ ಕೈಯಲ್ಲಿ ರಿಪೇರಿಯ ಹಣವೂ ಇರಲಿಲ್ಲ, ಹೊಣೆಯೂ ಇರಲಿಲ್ಲ. ಬಳಸುವವರೂ ಖರ್ಚು ಹೊರಬೇಕು ಎಂಬ ನೀತಿ ಬಂದದ್ದು 1991ರಲ್ಲಿ.

ಕೊಡಪಾನ:
ನಮ್ಮ ಊರುಗಳಲ್ಲಿರುವ ಇಂಡಿಯಾ ಮಾರ್ಕ್-2 ಕೈಪಂಪು ಅಲ್ಲಿಗೆ ಆಗದೇ?

ರಾಟೆಹಗ್ಗ:
ಉಗಾಂಡಾದಲ್ಲಿ ಅದೇ ಇದೆ, ಯು-2 ಎನ್ನುತ್ತಾರೆ. ಗಟ್ಟಿ ಪಂಪು. ಆದರೆ ವಾಷರ್ ಬದಲಿಸಲು ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪನ್ನೆಲ್ಲ ಎತ್ತಬೇಕು. ನೀರಿನ ಆಮ್ಲೀಯತೆ ತೋರಿಸುವ ಪಿಎಚ್ 6.5ಕ್ಕಿಂತ ಕೆಳಗಿದ್ದರೆ, ಅಂದರೆ ನೀರು ಆಮ್ಲೀಯವಾಗಿದ್ದರೆ, ಜಿಐ ತುಕ್ಕು ಹಿಡಿದು ನೀರು ಕೆಂಪಾಗುತ್ತದೆ, ಬಟ್ಟೆಗೆ ಕಲೆ ಹತ್ತುತ್ತದೆ, ಜನ ಅದನ್ನು ಬಿಟ್ಟೇಬಿಡುತ್ತಾರೆ. ಅಂಥ ಕಡೆ ಪಿವಿಸಿ ಅಥವಾ ಒಳ್ಳೆಯ ದರ್ಜೆಯ ಸ್ಟೇನ್‌ಲೆಸ್ ಸ್ಟೀಲೇ ಆಗಬೇಕು. ಪಿಎಚ್ ನೋಡುವುದು ಪೈಪಿಗೆ ಆರ್ಡರ್ ಕೊಡುವ ಮೊದಲು.

ನೀರಗಂಟಿ:
ಇಥಿಯೋಪಿಯಾದ ರಿಫ್ಟ್ ಕಣಿವೆಯ ಕಡೆಯಾದರೆ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡನ್ನೂ ನೋಡಬೇಕು. ಪಾವಗಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಲೀಟರಿಗೆ 1.5 ಮಿ.ಗ್ರಾಂ ದಾಟಿದರೆ ಆ ಜಾಗ ಬಿಟ್ಟು ಬೇರೆ ಕಡೆ ಹುಡುಕಿ.